ಹೂ ಡಾಕ್ಟರ ಬಿದಿರಂಡೆ

ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಬೇಕಾಗಿದ್ದ ದಿನ ಬೆಳಿಗ್ಗೆಯೇ ಮಹದೇವುವಿಗೆ ದವಡೆಹಲ್ಲು ನೋಯತೊಡಗಿತು. ಆಗಿನ್ನೂ ಮೀಸೆ ಸರಿಯಾಗಿ ಮೂಡದ ವಯಸ್ಸು. ಅಣ್ಣ ಯಾರ್ಯಾರದೋ ಕೈಕಾಲು ಹಿಡಿದು ಗಿಟ್ಟಿಸಿಕೊಟ್ಟಿದ್ದ ಕೆಲಸ ಅದು. ಒಂದು ಕೆನ್ನೆ ಬನ್ನಿನ ಹಾಗೆ ಊದಿಕೊಂಡು ನಿಂತಿದ್ದವನನ್ನು ನೋಡಿ ಗೇಟಿನವನು, "ಮೊದ್ಲು ಹೋಗಿ ಆ ಹಲ್ಲು ಕೀಳಿಸ್ಕೊಂಡು ಬಾ. ಬನ್ನಿಮಂಟಪದ ತಾವ ಹೂವಿನ ಡಾಕ್ಟ್ರು ಅಂತ ಅವ್ರೆ, ನೋವೇ ಗೊತ್ತಾಗಾಕಿಲ್ಲ" ಎಂದ. ಮಹದೇವು ಸೈಕಲ್ ತಿರುಗಿಸಿದ. ಆ ಗೇಟನ್ನು ಅವನು ಮತ್ತೆ ನೋಡಲಿಲ್ಲ.

ಹೂವಿನ ಡಾಕ್ಟರ ಶಾಪಿನಲ್ಲಿ ಹೂವೇನೂ ಇರಲಿಲ್ಲ. ಉದ್ದನೆಯ ಒಂದು ಕೋಣೆ, ಮುಂದೆ ಕಾಯುವವರ ಬೆಂಚು, ನಡುವೆ ಹಲ್ಲು ನೋಡುವ ಕುರ್ಚಿ, ಪರದೆಯ ಹಿಂದೆ ಹಲ್ಲುಸೆಟ್ಟು ತಯಾರಿಸುವ ಮೇಜು. ಡಾಕ್ಟರು ಚೀನಾದ ಮನೆತನದವರು, ಮನೆತನದ ಹೆಸರು ಹೂ. ಬೋರ್ಡಿನ ಮೇಲೆ ಹಾಗೆಂದು ಬರೆಸಿದ್ದನ್ನು ಊರಿನವರು ತಮಗೆ ಬೇಕಾದ ಹಾಗೆ ಓದಿಕೊಂಡಿದ್ದರು. ಹಕಾರ ನುಂಗುವ ಹಳ್ಳಿಯವರ ಬಾಯಲ್ಲಿ ಅವರು ಬರೀ 'ಊ ಡಾಕ್ಟ್ರು'. ಅವರ ತಂದೆ ಚೀನಾ ಬಿಟ್ಟು, ಬರ್ಮಾ, ಕಲ್ಕತ್ತ ಎಂದು ಹಲ್ಲು ಕಟ್ಟುತ್ತಾ ಊರೂರು ಅಲೆದು, ಕೊನೆಗೆ ಮೈಸೂರಿನ ಹವಾ ಒಗ್ಗಿ ಇಲ್ಲೇ ನಿಂತವರು. ಕೈಗೂಸಾಗಿ ಇಲ್ಲಿಗೆ ಬಂದ ಡಾಕ್ಟರು ಮಾತಿಗೊಂದು ಕಣೋ, ಕಣಮ್ಮ ಸೇರಿಸಿ ಅಪ್ಪಟ ಮೈಸೂರು ಕನ್ನಡ ಆಡುತ್ತಿದ್ದರು. ಮದುವೆಯಾಗಿರಲಿಲ್ಲ.

ಅವರು ಮಹದೇವುವಿನ ವಸಡಿಗೆ ಸೂಜಿ ಚುಚ್ಚಿ, "ಜೋಮು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕು. ಸುಮ್ನೆ ಕೂತ್ಕೊಂಡು ಹೆದರ್ಕೋಬೇಡ. ಒಳಗೆ ಬಾ, ಆ ಪ್ಲಾಸ್ಟರ್ ಕಲಸು" ಎಂದರು. ಅವರ ಸಹಾಯಕ ಹಿಂದಿನ ವಾರವಷ್ಟೇ ಬಿಟ್ಟುಹೋಗಿದ್ದ. ಮಹದೇವು ಅವ್ವ ಅಂಬಲಿಗೆ ರಾಗಿಹಿಟ್ಟು ಕದಡುವುದನ್ನು ನೋಡಿ ಬೆಳೆದವನು. ಗಂಟಿಲ್ಲದಂತೆ ಕಲಸಿಕೊಟ್ಟ. ಡಾಕ್ಟರು ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಅವನ ಹಲ್ಲು ಕಿತ್ತರು, "ನಾಳೆ ಬಾ" ಎಂದರು. ಗಾಯ ನೋಡಲು ಕರೆಯುತ್ತಿದ್ದಾರೆಂದು ಅವನು ಮಾರನೆಯ ದಿನ ಹೋದ, ಅದರ ಮಾರನೆಯ ದಿನವೂ ಹೋದ. ತನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ ಎಂಬುದು ಅವನಿಗೆ ಹೊಳೆದದ್ದು ವಾರ ಕಳೆದ ಮೇಲೆ, ಡಾಕ್ಟರು "ನಿನ್ನೆ ಯಾಕೋ ತಡ?" ಎಂದು ಗದರಿದಾಗ.

ಪರದೆಯ ಹಿಂದಿನ ಮೇಜಿನ ಮೇಲೆ ಆ ಬಿದಿರಂಡೆ ಇತ್ತು. ಹಾಗೆಂದು ಹೆಸರಿಟ್ಟವನು ಮಹದೇವುವೇ. ಅವನ ಊರಿನಲ್ಲಿ ದಪ್ಪ ಬಿದಿರನ್ನು ಗೆಣ್ಣಿಗೆ ಕತ್ತರಿಸಿ ಹಾಲು ಕರೆಯುವ ಅಂಡೆ ಮಾಡುತ್ತಿದ್ದರು. ಇದು ಅವುಗಳ ಮರಿಯಂತೆ ಗೇಣುದ್ದವಿದ್ದು ಮೂರು ಪುಟ್ಟ ಕಾಲುಗಳ ಮೇಲೆ ನಿಂತಿತ್ತು. ಬಣ್ಣ ಜೋನಿಬೆಲ್ಲಕ್ಕೆ ತಿರುಗಿತ್ತು. ಡಾಕ್ಟರು ಅದರಲ್ಲಿ ಮೇಣ ಕೆರೆಯುವ ಚಾಕು, ಪ್ಲಾಸ್ಟರ್ ಬಳಿಯುವ ಬ್ರಷ್ಷು, ಮೊಂಡು ಪೆನ್ಸಿಲ್ಲು ಎಲ್ಲವನ್ನೂ ಸಿಕ್ಕಿಸಿ ಇಡುತ್ತಿದ್ದರು. ಅದರ ಸುತ್ತ ಕೆತ್ತನೆ. ಮಹದೇವುವಿನ ಕಣ್ಣಿಗೆ ಸರ್ವೆಯಂತೆ ಕಂಡ ಒಂದು ಮರ, ಅದರ ಕೆಳಗೆ ಇಬ್ಬರು ಮುದುಕರು, ಅವರ ನಡುವೆ ಕಲ್ಲಿನ ಮೇಲೆ ಹಾಸಿದ ಮಣೆಯಾಟ. ಒಬ್ಬನ ಕೈ ಕಾಯಿ ಹಿಡಿದು ಗಾಳಿಯಲ್ಲೇ ನಿಂತಿದೆ. ಪಕ್ಕದಲ್ಲಿ ಒಂದು ತೊರೆ, ತೊರೆ ದಾಟಲು ಸಂಕ, ಸಂಕದ ಮೇಲೆ ಕೋಲು ಹಿಡಿದ ಇನ್ನೊಬ್ಬ. ಅವನು ಆಟ ನೋಡಲು ಬರುತ್ತಿದ್ದಾನೋ, ನೋಡಿ ಬೇಸರವಾಗಿ ಹೋಗುತ್ತಿದ್ದಾನೋ ಎಂದು ಹೇಳಲಾಗದ ಹಾಗೆ ಕೆತ್ತಿದವನು ಅವನ ಮುಖವನ್ನು ಮರೆಸಿಬಿಟ್ಟಿದ್ದ. ಹಿಂಬದಿಯ ಬಂಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುವ ಚೀನೀ ಅಕ್ಷರಗಳ ಸಾಲು.

"ಏನು ಬರ್ದದೆ ಡಾಕ್ಟ್ರೇ?" ಎಂದು ಅವನು ಕೇಳಿದ್ದುಂಟು.

"ನಂಗೂ ಗೊತ್ತಿಲ್ಲ ಕಣೋ ಮಾದು. ಅಪ್ಪ ಹೇಳ್ಕೊಡೋಕೆ ಕೂರಿಸ್ತಿದ್ರು, ನಾನು ಗೋಲಿ ಆಡೋಕೆ ಓಡ್ಹೋಗ್ತಿದ್ದೆ. ನಮ್ಮ ತಾತ ಚೀನಾದಲ್ಲಿ ಮೇಷ್ಟ್ರಾಗಿದ್ರಂತೆ. ಇದು ಅವರ ಬರೆಯೋ ಮೇಜಿನ ಮೇಲಿತ್ತಂತೆ. ನಂಗೆ ಗೊತ್ತಿರೋದು ಅಷ್ಟೇ."

ಅಂಡೆಯ ಬಾಯಿಂದ ಅರ್ಧದವರೆಗೆ ಒಂದು ಸೀಳು ಬಿಟ್ಟಿತ್ತು. ಮಹದೇವುವಿನ ಕೈ ಪಳಗಿತೋ ಇಲ್ಲವೋ ಎಂದು ನೋಡಲು ಡಾಕ್ಟರು ಮೊದಲು ಕೊಟ್ಟ ಕೆಲಸ ಆ ಸೀಳನ್ನು ಮುಚ್ಚುವುದು. ಹಲ್ಲುಸೆಟ್ಟಿಗೆ ವಸಡು ಮಾಡುವ ಗುಲಾಬಿ ಬಣ್ಣದ ಸಾಮಾನನ್ನೇ ತುಂಬಿ ಅವನು ಉಜ್ಜಿ ಸಮ ಮಾಡಿದ. ಬಿದಿರಿಗೆ ವಸಡು ಬಂದ ಹಾಗಾಯಿತು. ಡಾಕ್ಟರು ಬಹಳ ಹೊತ್ತು ನಕ್ಕರು. ಆಮೇಲೆ ಮನುಷ್ಯರ ಬಾಯಿಯ ಕೆಲಸ ಕೊಟ್ಟರು.

ಹೀಗೆ ಮಹದೇವು ಹಲ್ಲು ಕಟ್ಟುವವನಾದ. ವಕೀಲರು, ಅಡಿಗೆಯವರು, ಹರಿಕಥೆಯವರು, ಟಾಂಗಾದವರು, ಎಲ್ಲರ ಬಾಯ ಅಚ್ಚುಗಳೂ ಅವನ ಕೈಯಲ್ಲಿ ಹಾದುಹೋದವು. ಕೆಸರೆಯಲ್ಲಿ ಮನೆ ಮಾಡಿದ, ಅಂಬುಜಮ್ಮನನ್ನು ಮದುವೆಯಾದ, ಅನು ಹುಟ್ಟಿದಳು, ದೊಡ್ಡವಳಾಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಡಾಕ್ಟರ ಹಲ್ಲುಗಳೂ ಒಂದೊಂದಾಗಿ ಉದುರಿದವು. ಅವರ ಸೆಟ್ಟನ್ನು ಬೇರೆಯವರು ಮಾಡುವುದು ಹೇಗೆ, ಮಹದೇವುವೇ ಮಾಡಿದ.

ಕೊರೋನಾದ ಎರಡನೇ ವರ್ಷ ಡಾಕ್ಟರು ಶಾಪಿನ ಬಾಗಿಲಲ್ಲೇ ಕುಸಿದರು. ಲಕ್ವ ಹೊಡೆದಿತ್ತು. ಆಸ್ಪತ್ರೆಯಲ್ಲಿ ಹೆಚ್ಚು ಜನರನ್ನು ಬಿಡುತ್ತಿರಲಿಲ್ಲ, ಬರಲು ಬೇರೆ ಜನವೂ ಇರಲಿಲ್ಲ. ಗಂಟಲಿಗೆ ಸಿಕ್ಕಿಕೊಂಡೀತೆಂದು ನರ್ಸಮ್ಮ ಹಲ್ಲುಸೆಟ್ಟನ್ನು ತೆಗೆದು ಮಹದೇವುವಿನ ಕೈಗೆ ಕೊಟ್ಟಳು. ಅವನು ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಎರಡನೆಯ ದಿನ ಡಾಕ್ಟರು ಆಡುವ ಒಂದೇ ಕೈಯನ್ನು ಗುಂಡಗೆ ಮಾಡಿ ಏನನ್ನೋ ಕೇಳಿದರು. ನೀರಿನ ಲೋಟ ಕೊಟ್ಟ, ಬೇಡವೆಂದರು. ಫ್ಲಾಸ್ಕು ತೋರಿಸಿದ, ಕಣ್ಣು ಮುಚ್ಚಿಕೊಂಡರು. ಕೊನೆಗೆ ಹೊಳೆದು ಶಾಪಿಗೆ ಹೋಗಿ, ಬಿದಿರಂಡೆಯೊಳಗಿನ ಸಾಮಾನನ್ನು ಮೇಜಿನ ಮೇಲೆ ಸುರಿದು, ಅದನ್ನು ತಂದು ಹಾಸಿಗೆಯ ಮೇಲಿಟ್ಟ. ಅವರು ಬೆರಳಿನಿಂದ ಅದರ ಮೈಯನ್ನೆಲ್ಲ ತಡವಿದರು. ಆಮೇಲೆ ಅದನ್ನು ಅವನ ಎದೆಯ ಕಡೆಗೆ ತಳ್ಳಿ ಒಂದು ಮಾತು ಹೇಳಿದರು. ಅವನು ಬಗ್ಗಿ ಕಿವಿಗೊಟ್ಟ. ಇನ್ನೊಮ್ಮೆ ಹೇಳಿದರು. ಅವನು ಅರ್ಥವಾದವನಂತೆ ತಲೆಯಾಡಿಸಿದ. ಆ ವಾರ ಕಳೆಯುವುದರೊಳಗೆ ಅವರು ತೀರಿಕೊಂಡರು. ಅವರ ತಂದೆತಾಯಿಯನ್ನು ಮಣ್ಣು ಮಾಡಿದ್ದ ಜಾಗದಲ್ಲೇ ಮಹದೇವು ಮತ್ತು ಅಕ್ಕಪಕ್ಕದ ಅಂಗಡಿಯವರು ನಿಂತು ಅವರನ್ನೂ ಮಣ್ಣು ಮಾಡಿದರು. ಕಲ್ಕತ್ತದಲ್ಲಿದ್ದ ಅವರ ಅಕ್ಕನ ಮಗಳಿಗೆ ಬರಲು ಆಗಲಿಲ್ಲ.

ಮಹದೇವುವಿಗೆ ಆ ಮಾತು ಅರ್ಥವಾಗಿರಲಿಲ್ಲ.

ಬೊಚ್ಚುಬಾಯಿಯವರ ಮಾತು ಅವನಿಗೆ ಹೊಸದಲ್ಲ. ಹಲ್ಲಿಲ್ಲದ ಬಾಯಲ್ಲಿ ತ, ದ, ಸ ಜಾರಿಹೋಗುತ್ತವೆ, ಮ, ಬ ಉಳಿಯುತ್ತವೆ. ಅದನ್ನು ಹಿಡಿದುಕೊಂಡೇ ಅವನು ಎಷ್ಟೋ ಮುದುಕರ ಬಾಯಿಂದ ಬಂದ ಅರೆಬರೆ ಮಾತನ್ನು ಅವರ ಮಕ್ಕಳಿಗೆ ಬಿಡಿಸಿ ಹೇಳಿದ್ದುಂಟು. ಆದರೆ ಡಾಕ್ಟರು ಹೇಳಿದ್ದು 'ಮಾರ್ಬೇಡ' ಎಂದೋ 'ಮರೀಬೇಡ' ಎಂದೋ? ಲಕ್ವ ಹೊಡೆದ ನಾಲಿಗೆ ಎಳೆದೆಳೆದು ಆಡಿತ್ತು. ಯಾವುದು ಉದ್ದ, ಯಾವುದು ಗಿಡ್ಡ ಎಂದು ತಿಳಿಯುವಂತಿರಲಿಲ್ಲ. ಕಾಗುಣಿತದ ಒಂದು ಇಳಿ ಇದ್ದರೆ ಒಂದರ್ಥ, ಇಲ್ಲದಿದ್ದರೆ ಇನ್ನೊಂದು. ಮಾರಬೇಡ ಎಂದಿದ್ದರೆ ಅದು ಅವನದೇ, ಇಟ್ಟುಕೊಳ್ಳಬೇಕು, ಮುಗಿಯಿತು. ಮರೆಯಬೇಡ ಎಂದಿದ್ದರೆ ಏನನ್ನು ಮರೆಯಬಾರದು? ಅಂಡೆಯ ವಿಷಯವಾಗಿ ಅವರು ಮುಂಚೆ ಯಾವಾಗಲೋ ಏನೋ ಹೇಳಿರಬೇಕು. ಅದೇನೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬರಲಿಲ್ಲ. ಮರೆಯಬೇಡ ಎಂದು ಹೇಳಿಸಿಕೊಳ್ಳುವ ಮೊದಲೇ ಮರೆತಿದ್ದರೆ ಮನುಷ್ಯ ಏನು ಮಾಡಬೇಕು?

ಶಾಪನ್ನು ಕಟ್ಟಡದ ಮಾಲೀಕರು ತೆಗೆದುಕೊಂಡರು. ಈಗಿನ ಲ್ಯಾಬುಗಳಲ್ಲಿ ಯಂತ್ರವೇ ಹಲ್ಲು ಕೊರೆಯುತ್ತದೆಂದು ಕೇಳಿ ಮಹದೇವು ಬೇರೆಡೆ ಕೆಲಸ ಕೇಳಲು ಹೋಗಲಿಲ್ಲ. ಅಂಡೆಯನ್ನು ಮನೆಗೆ ತಂದು ಟಿವಿಯ ಪಕ್ಕ ಇಟ್ಟ. ಅಂಬುಜಮ್ಮನಿಗೆ ಅದು ಸರಿಬರಲಿಲ್ಲ.

"ಸತ್ತೋರ ಸಾಮಾನು ಅವರ ಕಡೆಯೋರಿಗೆ ಸೇರ್ಬೇಕು ಕಣ್ರೀ. ನಾವ್ಯಾಕೆ ಇಟ್ಕೊಳ್ಳೋದು?"

"ಅವ್ರೇ ಕೊಟ್ಟಿದ್ದು."

"ಕೊಟ್ಟಿದ್ದೋ, ಕಳಿಸು ಅಂತ ಕೊಟ್ಟಿದ್ದೋ?"

ಹಾಗೆಂದು ಅಂಬುಜಮ್ಮ ಅದನ್ನು ಕಡೆಗಣಿಸಲೂ ಇಲ್ಲ. ಕೆತ್ತನೆಯ ಎಲೆಗಳ ಸಂದಿಯಲ್ಲಿ ಗಟ್ಟಿಯಾಗಿದ್ದ ಪ್ಲಾಸ್ಟರನ್ನು ಪಿನ್ನಿನಿಂದ ಬಿಡಿಸಿ, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಬಿಸಿಲಿಗಿಟ್ಟಳು.

ಮೊನ್ನೆ ಸಂಕ್ರಾಂತಿ ಮುಗಿದ ಮೇಲೆ ಅನು ಅಕ್ಷರಗಳಿಗೆ ಮೊಬೈಲು ಹಿಡಿದಳು. ಯಾವ ಭಾಷೆಯನ್ನಾದರೂ ಕನ್ನಡ ಮಾಡಿಕೊಡುತ್ತದಂತೆ. ಮೊದಲ ಸಲ ಅದು "ಮಧ್ಯಾಹ್ನ ಬೆಟ್ಟವನ್ನು ಒತ್ತುತ್ತದೆ" ಎಂದಿತು. ಸ್ವಲ್ಪ ಓರೆಯಾಗಿ ಹಿಡಿದರೆ "ಆಟ ಮುಗಿಯದ ಅತಿಥಿ ಅಂಗಡಿ" ಎಂದಿತು. ದೀಪ ಹಾಕಿದ ಮೇಲೆ "ಮಾವನ ಬಿದಿರು ಉತ್ತಮ ಗುಣಮಟ್ಟ" ಎಂದಿತು.

"ಯಾವ ಮಾವ?" ಎಂದ ಮಹದೇವು.

"ನಂಗೇನು ಗೊತ್ತಪ್ಪಾ. ಅದು ಹಂಗೇ, ಬಾಯಿಗೆ ಬಂದಿದ್ದು ಹೇಳುತ್ತೆ."

ಬಲ್ಲವರು ಯಾರಾದರೂ ಓದಿಯಾರೆಂದು ಅವಳು ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಓದಿ ಹೇಳುವವರು ಸಿಗಲಿಲ್ಲ. ಅದು ಕೈಯಿಂದ ಕೈಗೆ ದಾಟಿ ಗುರುಕಿರಣ್ ಎಂಬುವನಿಗೆ ತಲುಪಿತು. ಹಳೆಯ ಹಿತ್ತಾಳೆ, ಗ್ರಾಮಾಫೋನು, ಮರದ ಕಂಬ ಇಂಥವನ್ನು ಹುಡುಕಿ ದೊಡ್ಡ ಹೋಟೆಲುಗಳಿಗೆ ಒದಗಿಸುವುದು ಅವನ ವ್ಯಾಪಾರ. ಒಂದು ಭಾನುವಾರ ಮನೆಗೇ ಬಂದ. ಅಂಡೆಯನ್ನು ಮಗುವನ್ನು ಎತ್ತುವಂತೆ ಎತ್ತಿ ತಿರುಗಿಸಿ ನೋಡಿದ.

"ನೋಡಿ ಮಹದೇವು ಅವ್ರೆ, ಇದು ಕುಂಚ ಇಡೋ ಪಾತ್ರೆ. ಆ ದೇಶದಲ್ಲಿ ಓದು ಬರಹದೋರು ಮೇಜಿನ ಮೇಲೆ ಇಟ್ಕೊಳ್ತಿದ್ರು. ಮಸಿ ಕಲ್ಲು, ಕಾಗದ ಒತ್ತೋಕೆ ಒಂದು ತುಂಡು, ಮುಂಗೈ ಮಸಿಗೆ ತಾಗ್ದಂಗೆ ಊರ್ಕೊಳ್ಳೋಕೆ ಒಂದು ಬಿದಿರು, ಎಲ್ಲಕ್ಕೂ ಹಿಂಗೇ ಕೆತ್ತನೆ ಇರೋದು. ಕೆಲವು ಮುನ್ನೂರು ವರ್ಷ ಹಳೇವು." ಅವನ ಬೆರಳು ಸೀಳಿನ ಮೇಲೆ ನಿಂತಿತು. "ಇದೇನಿದು, ಗುಲಾಬಿ?"

"ವಸಡು," ಎಂದ ಮಹದೇವು.

ಗುರುಕಿರಣ್ ಅವನ ಮುಖವನ್ನೇ ನೋಡಿದ.

"ಪಳಪಳ ಅಂತಿದೆ. ತೊಳೆದ್ರಾ?"

"ಸೀಗೇಕಾಯಿ ಹಾಕಿ," ಎಂದಳು ಅಂಬುಜಮ್ಮ ಅಡಿಗೆಮನೆಯಿಂದ.

ಅವನು ಸೋಫಾದ ಮೇಲೆ ಕುಳಿತುಬಿಟ್ಟ. ಇನ್ನು ಮುಂದೆ ನೀರು ಸೋಕಿಸಬೇಡಿ ಎಂದು ಕೈಮುಗಿದು ಕೇಳಿಕೊಂಡು, ಫೋಟೋ ತೆಗೆದುಕೊಂಡು ಹೋದ. ಮುಂದಿನ ಭಾನುವಾರ ಬಂದು, ಬೆಂಗಳೂರಿನ ಒಬ್ಬ ತಿಳಿದವರಿಗೆ ತೋರಿಸಿದೆ, ಅಷ್ಟು ಹಳೆಯದಲ್ಲವಂತೆ, ಆಮೇಲಿನವರು ಹಳೆಯದನ್ನು ನೋಡಿ ಮಾಡಿದ ನಕಲಿರಬಹುದಂತೆ ಎಂದ. ಆದರೂ ನಾನೇ ಕೊಳ್ಳುತ್ತೇನೆ ಎಂದ. ಇನ್ನೊಂದು ವಾರ ಬಿಟ್ಟು ಫೋನು ಮಾಡಿ, ಇಲ್ಲ, ಇನ್ನೊಬ್ಬರ ಪ್ರಕಾರ ಅದು ಅಸಲಿಯೇ ಇರಬಹುದು, ಬೇರೆ ಯಾರಿಗೂ ತೋರಿಸಬೇಡಿ ಎಂದ.

"ನಕಲಿ ಅಂದ್ಮೇಲೂ ಯಾಕ್ರೀ ಬರ್ತಾನೆ ಅವ್ನು?" ಎಂದಳು ಅಂಬುಜಮ್ಮ. "ಅಸಲಿ ಆಗಿದ್ರೆ ನಕಲಿ ಅಂತ ಯಾಕೆ ಅಂದ? ಇದ್ರಲ್ಲಿ ನಂಗೇನೂ ಗೊತ್ತಾಯ್ತಿಲ್ಲ."

ಮಹದೇವುವಿಗೂ ಗೊತ್ತಾಗಲಿಲ್ಲ. ಟಿವಿ ನೋಡಲು ಕೂತರೆ ಕಣ್ಣು ಪಕ್ಕದ ಅಂಡೆಗೆ ಹೋಗುತ್ತಿತ್ತು. ಮೇಷ್ಟರ ಮೇಜಿನದೋ, ಯಾರೋ ನಕಲು ಹೊಡೆದದ್ದೋ? ತನ್ನದೋ, ಅಲ್ಲವೋ? ಅಂಗಡಿಗೆ ಹಾಲು ತರಲು ಹೋಗುವಾಗ ಅವನು ಬಾಯೊಳಗೇ 'ಮಾರ್ಬೇಡ, ಮರೀಬೇಡ' ಎಂದು ಒಂದಾದ ಮೇಲೊಂದು ಹೇಳಿನೋಡುತ್ತಿದ್ದ. ಎರಡೂ ಡಾಕ್ಟರ ದನಿಯಲ್ಲೇ ಕೇಳಿಸುತ್ತಿದ್ದವು. ಒಮ್ಮೆ ಅಂಗಡಿಯವನು, "ಏನ್ ಮರೀಬಾರ್ದು ಸಾರ್? ಮೊಸ್ರಾ?" ಎಂದು ಮೊಸರಿನ ಪ್ಯಾಕೆಟ್ಟನ್ನೂ ಚೀಲಕ್ಕೆ ಹಾಕಿದ.

ಏಪ್ರಿಲ್ ಮೊದಲ ವಾರ ಕಲ್ಕತ್ತದಿಂದ ಡಾಕ್ಟರ ಅಕ್ಕನ ಮಗಳು ಬಂದಳು. ಹೆಸರು ಲೂಸಿ. ಐವತ್ತು ದಾಟಿದ ಹೆಂಗಸು, ಅಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಾಳೆ. ಸತ್ತ ಹಿರಿಯರ ಸಮಾಧಿ ಗುಡಿಸಿ ಎಡೆ ಇಡುವ ಕಾಲ ಅವರಿಗೆ ಅದು. ಮಹದೇವು ಅವಳನ್ನು ಸಮಾಧಿಗೆ ಕರೆದೊಯ್ದ. ಅವಳು ಕಿತ್ತಳೆ ಹಣ್ಣಿಟ್ಟು, ಕಾಗದದ ಲೋಟದಲ್ಲಿ ಚಹಾ ಇಟ್ಟು ಊದುಬತ್ತಿ ಹಚ್ಚಿದಳು. ಅವನು ತಂದಿದ್ದ ಮಲ್ಲಿಗೆ ಹಾರ ಹಾಕಿದ. ನಮ್ಮ ಪಿತೃಪಕ್ಷದ ಹಾಗೇ ಎಂದು ಅವನಿಗೆ ಅನ್ನಿಸಿ, ಕಾಗೆ ಬಂದೀತೆಂದು ಸ್ವಲ್ಪ ಹೊತ್ತು ಕಾದ. ಅವಳು ಯಾಕೆ ಕಾಯುತ್ತಿದ್ದೇವೆಂದು ಕೇಳಲಿಲ್ಲ, ತಾನೂ ಕಾದಳು.

ಮನೆಗೆ ಕರೆತಂದ. ಅಂಬುಜಮ್ಮ ಅಕ್ಕಿರೊಟ್ಟಿ ಬಡಿಸಿದಳು. ಮಹದೇವು ಅಂಡೆಯನ್ನು ತಂದು ಲೂಸಿಯ ಮುಂದಿಟ್ಟು, ಅಕ್ಕಪಕ್ಕದ ಮನೆಗಳಲ್ಲಿ ಆಡಿ ಕಲಿತ ತನ್ನ ಉರ್ದುವಿನಲ್ಲಿ ಆಸ್ಪತ್ರೆಯ ಕತೆ ಹೇಳಿದ. ತೊಡಕಾದಲ್ಲಿ ಅನು ಇಂಗ್ಲಿಷಿನಲ್ಲಿ ಬಿಡಿಸಿದಳು. ಮಾರಬೇಡ, ಮರೆಯಬೇಡ ಎರಡರ ಅರ್ಥವನ್ನೂ ಹೇಳಿದಳು.

"ಅವರು ಹೇಳಿದ ಹಾಗೇ ಹೇಳಿ," ಎಂದಳು ಲೂಸಿ.

ಮಹದೇವುವಿಗೆ ನಾಚಿಕೆಯಾಯಿತು. ಅವನ ಬಾಯ ತುಂಬ ಹಲ್ಲುಗಳಿದ್ದವು. ಕೊನೆಗೆ ತುಟಿಗಳನ್ನು ಹಲ್ಲಿನ ಮೇಲಕ್ಕೆ ಒಳಗೆ ಮಡಚಿಕೊಂಡು, ಬಾಯನ್ನು ಒಂದು ಕಡೆ ಜೋಲುಬಿಟ್ಟು, ಆ ದಿನ ಕೇಳಿದ್ದನ್ನು ಕೇಳಿದಂತೆಯೇ ಎಳೆದು ಹೇಳಿದ. ಅನು ನಗು ತಡೆಯಲು ಮುಖ ತಿರುಗಿಸಿದಳು. ಲೂಸಿ ನಗಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಅವಳ ಕೈ ನಿಂತಿತು.

"ಇನ್ನೊಂದು ಸಲ."

ಹೇಳಿದ.

"ಮಾವ್‌ಬೀ," ಎಂದಳು ಲೂಸಿ. "ಅದು ಕನ್ನಡವಲ್ಲವೇನೋ. ನಮ್ಮ ಮಾತಿನಲ್ಲಿ ಮಾವ್‌ಬೀ ಅಂದರೆ ಬರೆಯುವ ಕುಂಚ. ಇದು ಕುಂಚದ ಪಾತ್ರೆ ತಾನೆ?"

ಅನು ಅದನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು, ಅಂಬುಜಮ್ಮನಿಗಾಗಿ. ಮಹದೇವುವಿಗೆ ಆಗ ಒಂದು ನೆನಪಾಯಿತು. ಕೊನೆಯ ಒಂದೆರಡು ವರ್ಷ, ರೋಗಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಡಾಕ್ಟರು ಪ್ಲಾಸ್ಟರ್ ಬ್ರಷ್ಷನ್ನು ಬರೀ ನೀರಿನಲ್ಲಿ ಅದ್ದಿ ಶಾಪಿನ ಕೆಂಪು ನೆಲದ ಮೇಲೆ ಏನೋ ಗೀಚುತ್ತಿದ್ದರು. ಗೀಚಿದ್ದು ಆರಿಹೋದ ಮೇಲೆ ಮತ್ತೆ ಅದೇ ಜಾಗದಲ್ಲಿ ಗೀಚುವರು. ವಯಸ್ಸಾಯಿತು, ಅರಳುಮರಳು ಎಂದುಕೊಂಡು, ಯಾರಾದರೂ ಜಾರಿ ಬಿದ್ದಾರೆಂದು, ಅವನು ಹಿಂದೆಯೇ ಬಟ್ಟೆ ತಂದು ಒರೆಸುತ್ತಿದ್ದ. ಅವರು ಬೇಡ ಎಂದಿರಲಿಲ್ಲ. ಕಾಲೆತ್ತಿ ಜಾಗ ಕೊಡುತ್ತಿದ್ದರು.

"ಹಂಗಾರೆ ಬ್ರಷ್ ತಗಂಡ್ಬಾ ಅಂದಿರ್ಬೇಕು," ಎಂದಳು ಅಂಬುಜಮ್ಮ ಮೆಲ್ಲಗೆ. "ಬಾಯಲ್ಲಿ ಆಗ್ದೆ ಇದ್ದಿದ್ನ ಬರ್ದು ತೋರಿಸೋಣ ಅಂತ. ನೀವು ತಲೆ ಆಡಿಸ್ಬುಟ್ಟು ಅದ್ನೂ ಎತ್ಕೊಂಡು ಬಂದ್ಬುಟ್ರಿ."

ಮಹದೇವು ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ನಿಂತ. ಬೀದಿಯಲ್ಲಿ ಸೊಪ್ಪಿನವಳ ಗಾಡಿ ಹೋಗುತ್ತಿತ್ತು. ಅಂಡೆಯೊಳಗಿದ್ದ ಬ್ರಷ್ಷುಗಳನ್ನು ತಾನೇ ಶಾಪಿನ ಮೇಜಿನ ಮೇಲೆ ಸುರಿದು ಖಾಲಿ ಅಂಡೆಯನ್ನು ಆಸ್ಪತ್ರೆಗೆ ಒಯ್ದದ್ದು ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಲೂಸಿ ಹಿಂದೆಯೇ ಬಂದಳು.

"ನನಗೂ ಖಚಿತವಿಲ್ಲ," ಎಂದಳು ತನ್ನ ಹಿಂದಿಯಲ್ಲಿ. "ನಮ್ಮ ಮಾತೂ ನ‌ನಗೆ ಅಡಿಗೆಮನೆಯಲ್ಲಿ ಬೇಕಾದಷ್ಟೇ ಬರುತ್ತದೆ. ಮಾಮಾ ಅದನ್ನು ಆಡಿ ಎಷ್ಟು ಕಾಲವಾಗಿತ್ತೋ. ಅಮ್ಮನನ್ನು ಕೇಳೋಣ."

ಡಾಕ್ಟರ ಅಕ್ಕ ಇನ್ನೂ ಇದ್ದರು, ತೊಂಬತ್ತು ದಾಟಿದ ಮುದುಕಿ. ಇಬ್ಬರೂ ಒಳಗೆ ಬಂದ ಮೇಲೆ ಲೂಸಿ ವಿಡಿಯೋ ಕರೆ ಮಾಡಿ ಅಂಡೆಯನ್ನು ಮೊಬೈಲಿನ ಮುಂದೆ ಹಿಡಿದಳು. ಮುದುಕಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಒಂದೇ ಉಸಿರಿಗೆ ಏನೇನೋ ಹೇಳತೊಡಗಿದರು.

"ಇದನ್ನು ಬೀಳಿಸಿ ಸೀಳಿಸಿದವಳು ತಾನೇ ಅಂತಾಳೆ. ಆ ದಿನ ಪೆಟ್ಟು ತಿಂದಳಂತೆ. ಅಜ್ಜಿ ಇದರಲ್ಲಿ ಹೆಣೆಯುವ ಕಡ್ಡಿ ಇಡುತ್ತಿದ್ದಳಂತೆ." ಲೂಸಿ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡಳು. "ಚೀನಾದಿಂದ ತಂದದ್ದಲ್ಲವಂತೆ. ಅವಳ ಅಪ್ಪ ಕಲ್ಕತ್ತದಲ್ಲಿ, ಊರಿಗೆ ವಾಪಸ್ಸು ಹೋಗುತ್ತಿದ್ದ ಒಬ್ಬನ ಹತ್ತಿರ ತಗೊಂಡದ್ದಂತೆ."

"ತಾತ ಮೇಷ್ಟ್ರಾಗಿದ್ರಲ್ಲ?" ಎಂದ ಮಹದೇವು.

ಲೂಸಿ ಕೇಳಿದಳು. ಮುದುಕಿ ಕೈ ಅಲ್ಲಾಡಿಸಿದರು.

"ಮೇಷ್ಟ್ರಲ್ಲವಂತೆ. ಉಪ್ಪಿನಕಾಯಿ ಮಾರುತ್ತಿದ್ದನಂತೆ."

ಅಷ್ಟರಲ್ಲಿ ಮುದುಕಿ ಮತ್ತೆ ಶುರುಮಾಡಿದರು. ಈ ಸಲ ದನಿ ಮೆತ್ತಗಿತ್ತು. ತಾತನ ಓದುವ ಕೋಣೆಯಲ್ಲಿ ಮಸಿಯ ವಾಸನೆ ಇರುತ್ತಿತ್ತು, ಹುಡುಗರು ಸಾಲಾಗಿ ಕೂತು ಪಾಠ ಒಪ್ಪಿಸುತ್ತಿದ್ದರು ಎಂದು ಲೂಸಿ ಹೇಳಿದಳು.

"ಈಗ ತಾನೆ ಮೇಷ್ಟ್ರಲ್ಲ ಅಂದ್ರಲ್ಲ?" ಎಂದಳು ಅಂಬುಜಮ್ಮ.

"ಒಂದೊಂದು ದಿನ ಒಂದೊಂದು ಹೇಳ್ತಾಳೆ," ಎಂದು ಲೂಸಿ ನಕ್ಕಳು. ಮಾವ್‌ಬೀ ವಿಷಯ ಕೇಳಿದಾಗ ಮುದುಕಿ, ನನ್ನ ತಮ್ಮನಿಗೆ ಕುಂಚ ಹಿಡಿಯಲೇ ಬರುತ್ತಿರಲಿಲ್ಲ ಎಂದಷ್ಟೇ ಹೇಳಿದರು.

ಆ ಹೊತ್ತಿಗೆ ಮಹದೇವು ಅಂಡೆಯನ್ನು ಬಿಟ್ಟು ಬೇರೇನನ್ನೋ ನೋಡುತ್ತಿದ್ದ. ಪ್ರತಿ ಮಾತಿಗೂ ಮುದುಕಿಯ ಕೆಳಗಿನ ಹಲ್ಲುಸೆಟ್ಟು ಎದ್ದು ಕೂರುತ್ತಿತ್ತು. ಅವರು ಅದನ್ನು ನಾಲಿಗೆಯಿಂದ ಅದುಮಿ ಹಿಡಿದುಕೊಂಡೇ ಮಾತಾಡುತ್ತಿದ್ದರು.

"ಕೆಳಸೆಟ್ಟು ಎಷ್ಟು ದಿವ್ಸದಿಂದ ಹಂಗದೆ?" ಎಂದು ಅವನು ಕೇಳಿದ.

ಲೂಸಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, ವರ್ಷಗಳಿಂದ ಹೀಗೇ, ಊಟಕ್ಕೆ ಕೂತಾಗ ತೆಗೆದಿಡುತ್ತಾಳೆ, ಗಂಜಿ ಬಿಟ್ಟು ಬೇರೇನೂ ತಿನ್ನುವುದಿಲ್ಲ, ಆಸ್ಪತ್ರೆಗೆ ಬಾ ಎಂದರೆ ಬರುವುದಿಲ್ಲ ಎಂದಳು.

"ಅಲ್ಲೇ ಯಾರಾರ ಮನೆಗೆ ಕರ್ಸಿ ಅಚ್ಚು ತೆಗ್ಸಿ. ಪ್ಲಾಸ್ಟರಲ್ಲಿ ಹುಯ್ದು ನಂಗೆ ಕಳಿಸಿ. ನಾನು ಮಾಡ್ಕೊಡ್ತೀನಿ," ಎಂದ. ಅನು ಅಪ್ಪನ ಮುಖ ನೋಡಿದಳು. ಶಾಪು ಮುಚ್ಚಿದಂದಿನಿಂದ ಅವನು ಕೆಲಸದ ಮಾತೆತ್ತಿದ್ದೇ ಇಲ್ಲ.

ಕರೆ ಮುಗಿಯುವ ಮೊದಲು ಮುದುಕಿ ಅಲ್ಲಿಂದಲೇ ಪರದೆಯತ್ತ ಕೈ ಚಾಚಿದರು. ಅವರ ಬೆರಳು ತೀರ ದೊಡ್ಡದಾಗಿ ಕಂಡು ಪರದೆ ಮಸುಕಾಯಿತು. ಮಹದೇವು ಅಂಡೆಯನ್ನು ಅಂಬುಜಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಲೂಸಿಯ ಚೀಲದಲ್ಲಿಟ್ಟ. ಅವಳು ಬೇಡವೆಂದಳು. ಮಾಮಾ ನಿಮಗೆ ಕೊಟ್ಟದ್ದು, ಅವರು ಏನೇ ಅಂದಿರಲಿ, ಎಂದಳು. ಅವನು ಕೇಳಲಿಲ್ಲ. ಸರಿಯೋ ತಪ್ಪೋ ಎಂದು ಅವಳ ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಯೋಚಿಸಿದ, ಆಮೇಲೂ ಯೋಚಿಸಿದ.

ಗುರುಕಿರಣ್ ಫೋನು ಮಾಡಿದಾಗ, "ಅದು ಕಲ್ಕತ್ತಕ್ಕೆ ಹೋಯ್ತು ಸ್ವಾಮಿ," ಎಂದ.

"ಯಾರಿಗೆ ಕೊಟ್ರಿ? ಕಲೆಕ್ಟರಾ?"

"ಅಯ್ಯೋ, ಅಷ್ಟು ದೊಡ್ಡೋರಲ್ಲ. ವಯಸ್ಸಾದ ಹೆಂಗಸು. ಡಾಕ್ಟ್ರ ಅಕ್ಕ."

ಗುರುಕಿರಣ್ ಫೋನು ಇಟ್ಟುಬಿಟ್ಟ.

ಮೇ ತಿಂಗಳಲ್ಲಿ ಅಚ್ಚು ಬಂತು, ಹತ್ತಿಯಲ್ಲಿ ಸುತ್ತಿದ ಪುಟ್ಟ ಬಿಳಿ ದವಡೆ. ಮಹದೇವು ಜಗಲಿಯ ಮೇಲಿದ್ದ ಇಸ್ತ್ರಿ ಮೇಜನ್ನು ಕಿಟಕಿಯ ಬಳಿಗೆ ಎಳೆದುಕೊಂಡ. ಅಂಬುಜಮ್ಮ ಮೇಣ ಕರಗಿಸಲು ಒಂದು ಹಳೆಯ ಒಗ್ಗರಣೆ ಸೌಟು ಕೊಟ್ಟಳು. ಮುದುಕಿಯ ವಸಡು ಎಷ್ಟು ಸವೆದಿತ್ತೆಂದರೆ ಸೆಟ್ಟು ಕೂರಲು ಆಧಾರವೇ ಇರಲಿಲ್ಲ. ಎರಡು ಸಲ ಮಾಡಿ ಮುರಿದು ಹಾಕಿದ. ಕೈ ನಡುಗುತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿಕೊಂಡ. ಮೂರನೆಯದನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿ, ಅನುವಿನ ಕೈಯಲ್ಲಿ ವಿಳಾಸ ಬರೆಸಿ ಕೊರಿಯರ್ ಆಫೀಸಿಗೆ ಒಯ್ದ.

"ಒಳಗೇನಿದೆ ಸಾರ್?" ಎಂದಳು ಕೌಂಟರಿನ ಹುಡುಗಿ.

"ಹಲ್ಲು."

ಅವಳು ಬರೆಯುವುದನ್ನು ನಿಲ್ಲಿಸಿದಳು. "ಯಾರ್ದು?"

"ಕಲ್ಕತ್ತದ ಅಜ್ಜೀದು."

"ಅವರ ಹಲ್ಲು ನಿಮ್ಮತ್ರ ಹೆಂಗೆ ಬಂತು?"

ವಿವರಿಸಲು ಹೊರಟರೆ ಚೀನಾದಿಂದ ಶುರುಮಾಡಬೇಕಾಗುತ್ತಿತ್ತು. "ಗಾಜಿನ ಸಾಮಾನು ಅಂತ ಬರ್ಕೊಳಮ್ಮ," ಎಂದ.

ಹತ್ತು ಹನ್ನೆರಡು ದಿನಗಳ ಮೇಲೆ ಲೂಸಿ ಫೋನು ಮಾಡಿದಳು. ಅನು ಸ್ಪೀಕರ್ ಹಾಕಿದಳು. ಅಮ್ಮ ಸೆಟ್ಟು ಹಾಕಿಕೊಂಡಳು, ಬಿಸ್ಕತ್ತು ಕಚ್ಚಿದಳು, ಆಮೇಲೆ ಬಿದಿರಿನ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅರ್ಧ ಗಂಟೆ ನಿಲ್ಲಿಸದೆ ಏನೋ ಹೇಳಿದಳು ಎಂದಳು.

"ಏನಂದ್ರು?"

"ಗೊತ್ತಿಲ್ಲ. ಅವಳು ಹುಟ್ಟಿದ ಹಳ್ಳಿಯ ಮಾತಿರಬೇಕು. ನಾನು ಅದನ್ನು ಕೇಳಿಯೇ ಇರಲಿಲ್ಲ."

"ಆದ್ರೆ ಮಾತು ಬಿಡಿಬಿಡಿಯಾಗಿ ಬಂತಾ? ತೊದಲ್ಲಿಲ್ಲ ತಾನೆ?"

"ಗಂಟೆ ಹೊಡೆದ ಹಾಗೆ ಬಂತು."

ಮಹದೇವು ಮೊಬೈಲಿಗೆ ಇನ್ನಷ್ಟು ಬಗ್ಗಿದ. "ಎಡಗಡೆ ವಸಡಿಗೆ ಒತ್ತುತ್ತಾ ಅಂತ ಒಂದು ಮಾತು ಕೇಳಿ ಹೇಳಮ್ಮ," ಎಂದ. "ಆ ಕಡೆ ನಂಗೆ ಸ್ವಲ್ಪ ಅನುಮಾನ ಇತ್ತು."